ವಾಸನೆ ಹೋಗುವವರೆಗೆ ಕಾಯಿಸಿದ ನೀರು

ನಮ್ಮ ಮನೆಯಲ್ಲಿ ದೇವರ ಮನೆಗೆ ಹೋಗುವುದಕ್ಕಿಂತ ಹುಳದ ಮನೆಗೆ ಹೋಗುವುದು ಕಷ್ಟವಾಗಿತ್ತು. ದೇವರ ಮುಂದೆ ಕೈಕಾಲು ತೊಳೆದು ನಿಂತರೆ ಅವ್ವ ಸುಮ್ಮನಿರುತ್ತಿದ್ದಳು. ರೇಷ್ಮೆ ಹುಳ ಸಾಕುವ ಆ ಉದ್ದನೆಯ ಹೆಂಚಿನ ಮನೆಗೆ ಮಾತ್ರ ಮೈಪೂರ್ತಿ ತೊಳೆದುಕೊಂಡು, ಒಗೆದ ಬಟ್ಟೆ ಹಾಕಿಕೊಂಡು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಸಂತೆಯಿಂದ ಬಂದರೂ ಸ್ನಾನ, ದನದ ಕೊಟ್ಟಿಗೆಯಿಂದ ಬಂದರೂ ಸ್ನಾನ, ಒಲೆಯ ಮುಂದೆ ಒಗ್ಗರಣೆ ಹಾಕಿ ಬಂದರೂ ಸ್ನಾನ. ಹುಳಕ್ಕೆ ವಾಸನೆ ಆಗದು. ಊದುಬತ್ತಿ, ಹೊಗೆಸೊಪ್ಪು, ಮುಖದ ಪೌಡರು, ಸೀಮೆಎಣ್ಣೆ ಯಾವುದೂ ಆ ಬಾಗಿಲು ದಾಟುವಂತಿರಲಿಲ್ಲ. ನನ್ನ ಅಣ್ಣನಿಗೆ ಬೀಡಿ ಬಿಡಿಸಿದ್ದು ಅವ್ವನೂ ಅಲ್ಲ, ಡಾಕ್ಟರೂ ಅಲ್ಲ, ಹುಳ.

ಆ ಮನೆಗೆ ಅತ್ತಿಗೆ ಬಂದಳು. ಕಬ್ಬಾಳಿನ ಕಡೆಯವಳು. ಅವಳ ತವರಿನಲ್ಲಿ ಕುರಿ ಸಾಕುತ್ತಿದ್ದರು, ಹುಳ ಸಾಕಿದವರಲ್ಲ. ಬಂದ ಹೊಸದರಲ್ಲಿ ಅವಳು ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತು ಹುಳದ ಮನೆಯತ್ತ ಹೊರಟಾಗ ಅವ್ವ ಜಗಲಿಯ ಮೇಲಿಂದಲೇ ಕೂಗಿದಳು.

"ಕುರಿ ವಾಸ್ನೆ ಹೋಗೋಗಂಟ ಅತ್ಲಾಗೆ ಹೋಗ್ಬ್ಯಾಡ ಕಣವ್ವ. ಇನ್ನೊಂದ್ಸಲ ಒಸಿ ನೀರು ಹುಯ್ಕಂಡ್ ಬಾ."

ಅವ್ವ ಹೇಳಿದ್ದು ತಮಾಷೆಗೆ. ನಾವೆಲ್ಲ ನಕ್ಕೆವು, ಅತ್ತಿಗೆಯೂ ನಕ್ಕಳು. ಆದರೆ ಆ ಮಾತು ಅವಳ ಒಳಗೆ ಎಲ್ಲೋ ನಾಟಿರಬೇಕು. ಅಂದಿನಿಂದ ಅವಳು ಅವ್ವ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಮಡಿ ಮಾಡಿದಳು. ಪ್ರತಿ ಸಲ ಸೊಪ್ಪು ಹಾಕುವ ಮುಂಚೆ ಸ್ನಾನ. ಹುಳ ದೊಡ್ಡದಾಗಿ ಹೊಟ್ಟೆಬಾಕನಂತೆ ತಿನ್ನುವ ಕೊನೆಯ ದಿನಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಾಲ್ಕೈದು ಸಲವಾದರೂ ಅವಳ ಸೀರೆ ತಂತಿಯ ಮೇಲೆ ಬೀಳುತ್ತಿತ್ತು. ಒಂದೆರಡು ಬೆಳೆ, ಅಂದರೆ ಹುಳ ಮರಿಯಿಂದ ಗೂಡಾಗುವ ಒಂದೆರಡು ಸುತ್ತು, ಕಳೆಯುವಷ್ಟರಲ್ಲಿ ಅವಳ ಕೈಗುಣ ಊರಿಗೇ ಗೊತ್ತಾಯಿತು. ಸುಣ್ಣಕಟ್ಟು ರೋಗ ಬಂದು ಪಕ್ಕದ ಮನೆಗಳಲ್ಲಿ ಹುಳ ಸೀಮೆಸುಣ್ಣದ ಕಡ್ಡಿಯ ಹಾಗೆ ಸೆಟೆದು ಸತ್ತಾಗಲೂ ನಮ್ಮ ತಟ್ಟೆಗಳಲ್ಲಿ ಸಾಕಿದ ಹುಳ ಚೆನ್ನಾಗಿಯೇ ಇತ್ತು. ಹೆರಿಗೆಯಾಗಿ ಮಗಳು ಹುಟ್ಟಿದ ಮೇಲೆ, ಬೆಳೆ ಇರುವಾಗ ಕೂಸನ್ನು ನೋಡಿಕೊಳ್ಳಲು ಬಿಡುವಿಲ್ಲವೆಂದು, ಅದನ್ನು ಕಬ್ಬಾಳಿನ ಅಜ್ಜಿಯ ಹತ್ತಿರವೇ ಬಿಟ್ಟಳು. ನಾನು ಚನ್ನಪಟ್ಟಣದ ಕಾಲೇಜಿಗೆ ಹೋಗುವವಳು. ಊರೂರು ತಿರುಗಿ ಬರುವವಳೆಂದು ನನ್ನನ್ನು ಹುಳದ ಮನೆಯ ಹೊಸ್ತಿಲಿಗೂ ಸೇರಿಸುತ್ತಿರಲಿಲ್ಲ.

ಆಗ ರೇಷ್ಮೆಗೆ ಒಳ್ಳೆಯ ಕಾಲ. ಅಕ್ಕೂರಿನ ಕಡೆ ಹೋಗುವ ನಮ್ಮ ರಸ್ತೆಯ ಎರಡೂ ಬದಿ ರಾಗಿ ಹೊಲಗಳು ಹಿಪ್ಪುನೇರಳೆ ತೋಟಗಳಾದವು. ಗೂಡು ತುಂಬಿದ ಚೀಲಗಳನ್ನು ಹೇರಿಕೊಂಡು ಟೆಂಪೋಗಳು ರಾಮನಗರದ ಮಾರುಕಟ್ಟೆಗೆ ಓಡುತ್ತಿದ್ದವು. ನಿನ್ನೆಯವರೆಗೆ ನಡೆದುಕೊಂಡು ಹೋಗುತ್ತಿದ್ದವರು ಮೊಪೆಡ್ಡು ಕೊಂಡರು, ಪಂಪಿಗೆ ಡೀಸೆಲ್ ಇಂಜಿನ್ನು ತಂದರು. ಇಷ್ಟೆಲ್ಲ ಗಾಡಿ ಬಂದ ಮೇಲೆ ಅವುಗಳ ಹೊಟ್ಟೆಗೆ ಯಾರಾದರೂ ಹಾಕಬೇಕಲ್ಲ, ನಮ್ಮ ತೋಟದ ಬದುವಿನಾಚೆ ಒಂದು ಪೆಟ್ರೋಲ್ ಬಂಕ್ ಎದ್ದಿತು. ರಾತ್ರಿ ಅದರ ದೀಪ ನಮ್ಮ ಅಂಗಳದವರೆಗೂ ಬೀಳುತ್ತಿತ್ತು. ಊರಿಗೆ ಬೆಳಕು ಬಂತೆಂದು ಎಲ್ಲರಿಗೂ ಖುಷಿಯಾಗಿತ್ತು, ನನಗೂ.

ಕೆಲವು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಅವ್ವ ಬಾವಿಯಿಂದ ನೀರು ಸೇದಿದವಳು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಳು. ಸೀಮೆಎಣ್ಣೆ ಡಬ್ಬ ಮುಟ್ಟಿದ ಕೈಯಲ್ಲಿ ಬಿಂದಿಗೆ ಮುಟ್ಟಿದ್ದು ಯಾರು ಎನ್ನುವುದು ಅವಳ ಪ್ರಶ್ನೆ. ಯಾರೂ ಮುಟ್ಟಿರಲಿಲ್ಲ. ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದೆವು, ಹಗ್ಗ ಬದಲಾಯಿಸಿದೆವು, ಅಣ್ಣ ಬಾವಿಗೆ ಇಳಿದು ಕಸ ಎತ್ತಿದ. ಮರುದಿನ ಮತ್ತೆ ಅದೇ ವಾಸನೆ. ಬಿಸಿಲು ನೆತ್ತಿಗೆ ಬಂದಾಗ ಬಗ್ಗಿ ನೋಡಿದರೆ ನೀರಿನ ಮೇಲೆ ಬಣ್ಣಬಣ್ಣದ ತೆಳ್ಳನೆ ಪೊರೆ ಕಾಣುತ್ತಿತ್ತು.

ನೀರು ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಬೇರೆ ಊರಿನವರು ಏನು ಮಾಡುತ್ತಾರೋ ಗೊತ್ತಿಲ್ಲ. ಅಣ್ಣ ಹುಳವನ್ನು ಕೇಳಿದ. ತೋಟದ ಒಂದು ಮೂಲೆಗೆ ಆ ಬಾವಿಯ ನೀರನ್ನೇ ಹಾಯಿಸಿ, ಅಲ್ಲಿನ ಸೊಪ್ಪನ್ನು ಬೇರೆ ಕೊಯ್ದು, ಬೇರೆ ತಟ್ಟೆಗಳ ಹುಳಕ್ಕೆ ಹಾಕಿಸಿದ. ನಾವು ದಿನವೂ ಅವನ ಮುಖ ನೋಡುತ್ತಿದ್ದೆವು. ಹುಳ ತಿಂದಿತು. ನಾವು ಜ್ವರ ಎಂದು ಕರೆಯುವ, ಹುಳ ತಲೆಯೆತ್ತಿ ನಿದ್ದೆ ಮಾಡಿ ಪೊರೆ ಬಿಡುವ ಹೊತ್ತಿನಲ್ಲಿ ಸರಿಯಾಗಿ ಕೂತಿತು, ಸರಿಯಾಗಿ ಎದ್ದಿತು. ಹಣ್ಣಾಗಿ ಗೂಡು ಕಟ್ಟಿತು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಕುಲುಕುವ ಸದ್ದು ಕೇಳಿ, ಅಣ್ಣ ಅಂಗಳದಲ್ಲಿ ಕುಣಿಯುವುದೊಂದು ಬಾಕಿ. ನನ್ನನ್ನು ಕರೆದು ಹೇಳಿದ.

"ನೋಡ್ದ್ಯಾ ಅಮ್ಮಿ, ಹುಳನೇ ಒಪ್ಕಂಡದೆ. ಒಸಿ ಸೆಂಟು ಹಾಕ್ಕಂಡ್ ಬಂದ್ರೆ ಬಾಯಿ ಮುಚ್ಕಳೋ ಹುಳ ಅದು. ಅದಕ್ಕಾದ್ದು ನಮಗಾಗಾಕಿಲ್ವಾ?"

ನನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಊರಿನವರೂ ಒಪ್ಪಿದರು. ಈಗ ನನಗೆ ಗೊತ್ತು, ಕಾಲುವೆಯಲ್ಲಿ ಬಿಸಿಲಿಗೆ ಹರಿಯುವಾಗಲೇ ಪೆಟ್ರೋಲಿನ ಹಗುರವಾದ ಅಂಶ ಗಾಳಿಗೆ ಹಾರಿಹೋಗುತ್ತದೆ, ಉಳಿದದ್ದರಲ್ಲಿ ಎಲೆಯವರೆಗೆ ಏರುವುದು ಇಲ್ಲವೆನ್ನುವಷ್ಟು ಕಡಿಮೆ. ಸೊಪ್ಪಿನ ವಿಷಯದಲ್ಲಿ ಹುಳ ನಿಜವನ್ನೇ ಹೇಳಿತ್ತು. ನಾವು ನೀರಿನ ವಿಷಯವನ್ನೂ ಅದರ ಬಾಯಲ್ಲೇ ಹೇಳಿಸಿಬಿಟ್ಟೆವು.

ಬದುವಿನ ಆ ಕಡೆಯ ಮನೆಗಳವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವರು ದೂರು ಕೊಟ್ಟರು. ಬಂಕಿನವರು ನೆಲ ಅಗೆದು, ತುಕ್ಕು ಹಿಡಿದು ತೂತಾಗಿದ್ದ ಒಂದು ಪೆಟ್ರೋಲಿನ ತೊಟ್ಟಿಯನ್ನು ಕ್ರೇನಿನಲ್ಲಿ ಎತ್ತಿಸಿದರು. ಹೊರಬಂದ ಮಣ್ಣು ಗ್ರೀಸಿನ ಬಣ್ಣದ್ದಾಗಿತ್ತು. ಆಮೇಲೆ ಬೆಂಗಳೂರಿನಿಂದ ಒಬ್ಬರು ಬಂದರು. ಮಣ್ಣು, ನೀರು ಪರೀಕ್ಷಿಸಿ, ಅದರಿಂದ ಜನರ ಆರೋಗ್ಯಕ್ಕೆ ಎಷ್ಟು ಅಪಾಯವೆಂದು ಲೆಕ್ಕ ಹಾಕುವುದು ಅವರ ಕೆಲಸ. ದಪ್ಪ ಕನ್ನಡಕದ, ಮೆಲುದನಿಯ ಮನುಷ್ಯ. ಬಾವಿಯ ನೀರನ್ನು ಪುಟ್ಟ ಗಾಜಿನ ಬಾಟಲಿಗೆ ಅಂಚಿನವರೆಗೆ ತುಂಬಿ ಮುಚ್ಚಳ ಹಾಕಿ ತಲೆಕೆಳಗು ಮಾಡಿ ನೋಡುತ್ತಿದ್ದರು. ಒಳಗೆ ಒಂದು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬುತ್ತಿದ್ದರು. ಯಾಕೆಂದು ನಾನು ಕೇಳಿದೆ.

"ಒಳಗೆ ಒಂಚೂರು ಗಾಳಿ ಸಿಕ್ಕಿದ್ರೂ ಸಾಕಮ್ಮ, ಆ ಪೆಟ್ರೋಲು ನೀರು ಬಿಟ್ಟು ಗಾಳಿಗೆ ಹೋಗಿಬಿಡುತ್ತೆ. ಆಮೇಲೆ ನೀರಲ್ಲಿ ಹುಡುಕಿದ್ರೆ ಏನು ಸಿಗುತ್ತೆ?" ಎಂದರು.

ಆ ಮಾತು ನನಗೆ ಎಷ್ಟು ಇಷ್ಟವಾಯಿತೆಂದರೆ ಮುಂದೆ ನಾನು ಅದೇ ವಿಷಯ ಓದಿದೆ, ಅದೇ ಕೆಲಸಕ್ಕೆ ಸೇರಿದೆ.

ಮಧ್ಯಾಹ್ನ ಜಗಲಿಯ ಮೇಲೆ ಕುಳಿತು ಅವರು ಅತ್ತಿಗೆಯನ್ನು ಪ್ರಶ್ನೆ ಕೇಳಿದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ, ಅಡುಗೆಗೆ ಯಾವ ನೀರು, ಮನೆಯಲ್ಲಿ ಮಣ್ಣಾಡುವ ಮಕ್ಕಳಿದ್ದಾರೆಯೇ, ಬಾವಿ ಪಕ್ಕದಲ್ಲಿ ತರಕಾರಿ ಹಾಕಿದ್ದೀರಾ. ಅತ್ತಿಗೆ ಸೆರಗು ಹೊದ್ದು ಕಂಬದ ಮರೆಯಿಂದ ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟಳು.

"ಸ್ನಾನ ದಿನಕ್ಕೆ ಎಷ್ಟು ಸಲ ಮಾಡ್ತೀರಮ್ಮ?"

"ಒಂದ್ಸಲ, ಸಾ."

"ಬೆಳಿಗ್ಗೆ ಒಂದೇ ಸಲ ಸ್ವಾಮಿ," ಎಂದು ಅವ್ವನೂ ದನಿಗೂಡಿಸಿದಳು.

ಯಾರೂ ಸುಳ್ಳು ಹೇಳಲಿಲ್ಲ. ಅಣ್ಣ ತಲೆಯಾಡಿಸಿದ. ಒಳಗಿದ್ದ ನನ್ನ ಕಿವಿಗೂ ಅದು ನಿಜವಾಗಿಯೇ ಕೇಳಿಸಿತು. ತಂತಿಯ ಮೇಲೆ ಆ ಹೊತ್ತಿಗೇ ಅವಳ ಎರಡು ಸೀರೆ ಒಣಗುತ್ತಿದ್ದವು.

ಕೆಲವು ವಾರಗಳ ನಂತರ ಅವರೇ ಬಂದು ತಿಳಿಸಿದರು. ಕುಡಿಯಲು, ಅಡುಗೆಗೆ ಈ ನೀರು ಬೇಡವೇ ಬೇಡ. ತೋಟಕ್ಕೆ ಬಿಡಬಹುದು. ಬಟ್ಟೆ, ದಿನಕ್ಕೊಂದು ಸ್ನಾನ, ಅಷ್ಟಕ್ಕೆ ಹೆದರಬೇಕಾಗಿಲ್ಲ. ಅವ್ವ ಕೈ ಮುಗಿದಳು. ಅಂದಿನಿಂದ ಕುಡಿಯುವ ನೀರು ಊರ ಮುಂದಿನ ಕೊಳಾಯಿಯಿಂದ ಬಂತು. ಅದು ಬರುತ್ತಿದ್ದದ್ದೇ ಸಣ್ಣಗೆ, ಸಾಲೋ ಉದ್ದ. ಆ ನೀರನ್ನು ಯಾರೂ ಮೈಗೆ ಹುಯ್ದುಕೊಳ್ಳುವ ದುಂದು ಮಾಡುತ್ತಿರಲಿಲ್ಲ.

ಉಳಿದ ಒಂದೇ ಚಿಂತೆಯೆಂದರೆ ಹುಳದ್ದು. ಬಾವಿ ನೀರು ಹುಯ್ದುಕೊಂಡು ಒಳಗೆ ಹೋದರೆ ಮೈಯ ವಾಸನೆ ಹುಳಕ್ಕೆ ತಾಗುವುದಿಲ್ಲವೇ? ಇದಕ್ಕೆ ದಾರಿ ಕಂಡುಹಿಡಿದವಳು ಅತ್ತಿಗೆ. ಚೆನ್ನಾಗಿ ಕಾಯಿಸಿದರೆ ನೀರಿನ ವಾಸನೆ ಹೋಗುತ್ತಿತ್ತು. ನಮ್ಮ ಬಚ್ಚಲು ತಗಡಿನ ಸೂರಿನ ಪುಟ್ಟ ಗೂಡು. ಕಿಟಕಿ ಇಲ್ಲ, ಒಳಗೇ ಹಂಡೆ ಒಲೆ. ಅತ್ತಿಗೆ ಬಾಗಿಲು ಮುಚ್ಚಿಕೊಂಡು, ಹಂಡೆಯ ಮುಚ್ಚಳ ತೆಗೆದಿಟ್ಟು, ಹುಳ ಸೊಪ್ಪು ತಿಂದು ಉಳಿಸಿದ ಒಣಕಡ್ಡಿಗಳನ್ನು ಒಲೆಗೆ ತುರುಕುತ್ತ ಹಬೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದಳು. ಮೊದಮೊದಲು ಅವ್ವನೇ ಬಂದು ನೀರಿಗೆ ಬೆರಳದ್ದಿ ಮೂಸಿ ನೋಡುತ್ತಿದ್ದಳು. "ಇನ್ನೂ ಐತೆ ಕಣವ್ವ, ಒಸಿ ತಡಿ," ಎನ್ನುವಳು. ಅತ್ತಿಗೆ ತಡೆಯುವಳು. ಕೊನೆಗೆ, "ವಾಸ್ನೆ ಹೋಯ್ತು, ಹುಯ್ಕೋ," ಎನ್ನುವಳು.

ಹೋಗುತ್ತಿತ್ತು, ನಿಜ. ಎಲ್ಲಿಗೆ ಹೋಯಿತೆಂದು ನಾವು ಯೋಚಿಸಲಿಲ್ಲ. ಆ ಮುಚ್ಚಿದ ಗೂಡಿನಲ್ಲಿ ಅದು ಹೋಗಲು ಇದ್ದ ಜಾಗ ಅವಳ ಮೂಗು ಒಂದೇ. ಗಂಡಸರು ಪಂಪಿನ ಕೆಳಗೆ ಬಯಲಿನಲ್ಲಿ ಮೀಯುತ್ತಿದ್ದರು. ಅವ್ವ ಎಣ್ಣೆಸ್ನಾನದ ದಿನ ಬಿಟ್ಟರೆ ಎರಡು ಚೆಂಬಿಗೆ ಮುಗಿಸುವವಳು. ದಿನಕ್ಕೆ ನಾಲ್ಕೈದು ಸಲ, ಬೆಳೆಯ ಮೇಲೆ ಬೆಳೆ, ವರ್ಷದ ಮೇಲೆ ವರ್ಷ ಆ ಹಬೆ ಕುಡಿದವಳು ಅತ್ತಿಗೆ ಒಬ್ಬಳೇ.

ಸುಸ್ತು ಶುರುವಾದಾಗ ನಾವು ಗೇಲಿ ಮಾಡಿದೆವು. ಒಂದು ಬೆಳೆ ಮುಗಿದು ತವರಿಗೆ ಹೋಗಿ ಹದಿನೈದು ದಿನ ಇದ್ದು ಬಂದರೆ ಅವಳ ಮುಖಕ್ಕೆ ಬಣ್ಣ ಬಂದಿರುತ್ತಿತ್ತು. "ತವರಿನ ನೀರು ಅಂದ್ರೆ ಸುಮ್ನೆಯಾ? ನಮ್ ನೀರು ಇವಳಿಗೆ ಹಿಡಿಯಾಕಿಲ್ಲ," ಎಂದು ಅಣ್ಣ ರೇಗಿಸುತ್ತಿದ್ದ. ಅವಳು ನಾಚಿಕೊಂಡು ಮಗಳ ಸುದ್ದಿ ಹೇಳುತ್ತಿದ್ದಳು. ಆ ರೇಗಿಸುವ ಮಾತನ್ನು ಈಗ ನೆನೆದರೆ ನನಗೆ ಊಟ ಸೇರುವುದಿಲ್ಲ.

ಆಮೇಲೆ ತೋಳಿನ ಮೇಲೆ ನೀಲಿ ಕಲೆಗಳು ಬಂದವು. ಚಂದ್ರಂಕಿ, ಅಂದರೆ ಹುಳ ಗೂಡು ಕಟ್ಟುವ ಆ ಬಿದಿರಿನ ತಟ್ಟಿ, ಎತ್ತುವಾಗ ತಗಲಿದ್ದು ಎಂದಳು. ಹಲ್ಲುಜ್ಜಿದರೆ ರಕ್ತ ಬಂತು. ಬಿಸಿಲಿನಲ್ಲಿ ತಟ್ಟೆ ತೊಳೆಯುತ್ತಿದ್ದವಳು ಕುಸಿದು ಬಿದ್ದ ದಿನ ಅಣ್ಣ ಅವಳನ್ನು ಗೂಡಿನ ಟೆಂಪೋದಲ್ಲೇ ಮಲಗಿಸಿಕೊಂಡು ಬೆಂಗಳೂರಿಗೆ ತಂದ. ನಾನು ಅಷ್ಟರಲ್ಲಿ ಅಲ್ಲಿ ಕೆಲಸದಲ್ಲಿದ್ದೆ. ಎಲುಬಿನೊಳಗೆ ರಕ್ತ ತಯಾರಾಗುವ ಜಾಗವೇ ಸೊರಗಿದೆ ಎಂದರು ಡಾಕ್ಟರು. ಎಲ್ಲಿ ಕೆಲಸ, ಪೇಂಟ್ ಅಂಗಡಿಯಾ, ಪೆಟ್ರೋಲ್ ಬಂಕಾ ಎಂದು ಕೇಳಿದರು. "ಹುಳ ಸಾಕ್ತಾಳೆ ಅಷ್ಟೆ," ಎಂದ ಅಣ್ಣ.

ಪೆಟ್ರೋಲಿನಲ್ಲಿರುವ ಬೆಂಜೀನು ಉಸಿರಿನಲ್ಲಿ ಸೇರುತ್ತ ಹೋದರೆ ಎಲುಬಿನ ಆ ಜಾಗವನ್ನೇ ತಿನ್ನುತ್ತದೆಂದು ನನ್ನ ಕೆಲಸ ನನಗೆ ಕಲಿಸಿತ್ತು. ಅವನು ಔಷಧಿ ತರಲು ಕೆಳಗೆ ಹೋದಾಗ ಮಂಚದ ಪಕ್ಕ ಕುಳಿತು ಕೇಳಿದೆ.

"ಅತ್ಗೆಮ್ಮ, ದಿನಾ ಎಷ್ಟು ಸಲ ಬಚ್ಚಲಿಗೆ ಹೋಯ್ತೀಯ?"

"ಬೆಳೆ ಇದ್ರಾ, ಇಲ್ದಿದ್ರಾ?"

"ಇದ್ರೆ."

ಅವಳು ಬೆರಳು ಮಡಿಸುತ್ತ ಹೋದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಳು.

"ಅವತ್ತು ಆ ಸಾಹೇಬ್ರು ಕೇಳ್ದಾಗ ಒಂದ್ಸಲ ಅಂದ್ಯಲ್ಲ?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟು ಓದಿದವಳಿಗೆ ಇದೂ ತಿಳಿಯದೇ ಎನ್ನುವ ಅಚ್ಚರಿಯಿತ್ತು. "ಅವರು ನನ್ ಸ್ನಾನ ಕೇಳುದ್ರು ಕಣವ್ವ. ನನ್ದು ಬೆಳಿಗ್ಗೆ ಒಂದೇಯ. ಮಿಕ್ಕಿದ್ದು ನಂಗೆ ಮಾಡ್ಕಳೋದಾ? ಅದು ಹುಳಕ್ಕೆ."

ನಾನು ಎದ್ದು ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಒತ್ತಿ ಅತ್ತೆ. ಆಸ್ಪತ್ರೆಯಲ್ಲಿ ಅಳುವವರನ್ನು ಯಾರೂ ಏನೂ ಕೇಳುವುದಿಲ್ಲ, ಅದೊಂದು ಅನುಕೂಲ.

ಆ ವಾರವೇ ಕನ್ನಡಕದ ಆ ಹಿರಿಯರನ್ನು ಹುಡುಕಿಕೊಂಡು ಹೋದೆ. ಬಚ್ಚಲು, ಹಂಡೆ, ಮುಚ್ಚಿದ ಬಾಗಿಲು ಎಲ್ಲ ಹೇಳಿದೆ. ಅವರು ಹಳೆಯ ಲೆಕ್ಕವನ್ನು ನನ್ನ ಮುಂದೆಯೇ ಮತ್ತೆ ಮಾಡಿದರು. ನಮ್ಮ ಲೆಕ್ಕದಲ್ಲಿ ಒಬ್ಬ ಸರಾಸರಿ ಮನುಷ್ಯ ಇರುತ್ತಾನೆ. ಅವನ ತೂಕ ಇಷ್ಟು, ಕುಡಿಯುವುದು ಇಷ್ಟು, ದಿನಕ್ಕೊಂದು ಸ್ನಾನ. ಅವನನ್ನು ತೆಗೆದು ಆ ಜಾಗದಲ್ಲಿ ಅತ್ತಿಗೆಯನ್ನು ಕೂರಿಸಿದ ಮೇಲೆ ಉತ್ತರ ಎಲ್ಲಿಂದ ಎಲ್ಲಿಗೋ ಹೋಯಿತು. ಅವರು ಪೆನ್ನು ಕೆಳಗಿಟ್ಟರು.

"ಇದರಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲಮ್ಮ," ಎಂದರು. "ಇದರಿಂದ ಅಲ್ಲ ಅಂತಲೂ ಹೇಳಕ್ಕಾಗಲ್ಲ."

ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ಒಂದು ಕಾಯಿಲೆಯ ಕಾರಣವನ್ನು ನೇರವಾಗಿ ಹೇಳಲಾಗದ ವಿದ್ಯೆಯ ಮೇಲೆ, ಅದನ್ನೇ ನಂಬಿ ಕೂಳು ತಿನ್ನುವ ನನ್ನ ಮೇಲೆ. ಆದರೂ ಕೆಲಸ ಬಿಡಲಿಲ್ಲ. ಇಂದಿಗೂ ಮಾಗಡಿಯ ಕಡೆಗೋ ಕೂಟಗಲ್ ಕಡೆಗೋ ಹೋಗಿ ಜಗಲಿಯ ಮೇಲೆ ಕುಳಿತಾಗ ಎಷ್ಟು ಸಲ ಸ್ನಾನ ಎಂದು ನಾನು ಕೇಳುವುದಿಲ್ಲ. ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಎಂದು ಕೇಳಿ, ನೀರು ಮುಟ್ಟಿದ ಜಾಗವನ್ನೆಲ್ಲ ನಾನೇ ಹೆಕ್ಕುತ್ತೇನೆ. ಜೊತೆಯವರು ಬೇಸರದಿಂದ ಗಡಿಯಾರ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ.

ಅತ್ತಿಗೆಗೆ ರಕ್ತ ಹಾಕಿದರು, ಮತ್ತೆ ಮತ್ತೆ ಹಾಕಿದರು. ಹಾಕಿದ ರಕ್ತ ಅವಳಲ್ಲಿ ನಿಲ್ಲಲಿಲ್ಲ. ನಾನು ಊರಿಗೆ ಹೋದಾಗ ಅಣ್ಣನಿಗೂ ಅವ್ವನಿಗೂ ಎಲ್ಲ ಬಿಡಿಸಿ ಹೇಳಿದೆ. ಅಣ್ಣ ಎದ್ದು ಹೋಗಿ ಬಚ್ಚಲಿನ ತಗಡನ್ನು ಹಾರೆಯಿಂದ ಕಿತ್ತು ಹಾಕಿದ. ಅವ್ವ ತನ್ನ ಬಲಗೈ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿಕೊಂಡಳು, ಅಷ್ಟೆ.

ಅತ್ತಿಗೆ ಊರಿನಲ್ಲೇ ಸಾಯಬೇಕೆಂದು ಹಟ ಹಿಡಿದು ಬಂದಳು. ಮಗಳನ್ನು ಕಬ್ಬಾಳಿನಿಂದ ಕರೆಸಿ ಪಕ್ಕದಲ್ಲಿ ಮಲಗಿಸಿಕೊಂಡಳು. ಒಂದು ಬೆಳಗಿನ ಜಾವ, ಮಗಳು ಇನ್ನೂ ನಿದ್ದೆಯಲ್ಲಿರುವಾಗಲೇ ಹೋಗಿಬಿಟ್ಟಳು. ಹುಳದ ಮನೆಯಲ್ಲಿ ಹುಳ ಕೊನೆಯ ಜ್ವರ ಎದ್ದು ಸೊಪ್ಪಿಗಾಗಿ ತಲೆಯೆತ್ತಿ ಕಾಯುತ್ತಿತ್ತು. ಅಣ್ಣ ಚಪ್ಪಲಿ ಕೂಡ ಬಿಡದೆ, ಸುಣ್ಣ ತುಳಿಯದೆ ನೇರವಾಗಿ ಒಳಗೆ ಹೋಗಿ ತಟ್ಟೆಗಳ ನಡುವೆ ಕುಳಿತು ಬೀಡಿ ಹಚ್ಚಿದ. ಯಾರೂ ಅವನನ್ನು ತಡೆಯಲಿಲ್ಲ.

ಹೆಂಗಸರು ಅಂಗಳದಲ್ಲಿ ಸೀರೆಗಳ ಮರೆ ಕಟ್ಟಿದರು. ಮುತ್ತೈದೆ ಸಾವು, ಪುಣ್ಯವಂತೆ ಎಂದು ಒಬ್ಬಳು ಅಂದಾಗ ಅವಳ ಬಾಯಿಗೆ ಹೊಡೆಯಬೇಕೆನ್ನಿಸಿತು. ಹೆಣಕ್ಕೆ ನೀರು ಹುಯ್ಯಬೇಕಿತ್ತು. ಯಾರೋ ಬಾವಿಗೆ ಬಿಂದಿಗೆ ಬಿಟ್ಟ ಸದ್ದಾಯಿತು. ನಾನು ಓಡಿಹೋಗಿ ಹಗ್ಗ ಹಿಡಿದೆ.

"ಬ್ಯಾಡ. ಕೊಳಾಯಿ ನೀರು ತತ್ತೀನಿ."

"ಅಯ್ಯೋ, ಇಲ್ಲೇ ಬಾವಿ ಇಟ್ಕಂಡು ಅಷ್ಟು ದೂರ ಯಾಕವ್ವ? ಸತ್ತೋಳಿಗೆ ಯಾವ ನೀರಾದ್ರೇನು?"

ಬಿಂದಿಗೆ ಬಿಟ್ಟವಳು ಕೇಳಿದ್ದು ಸರಿ. ಸತ್ತವಳಿಗೆ ಅಪಾಯವಿಲ್ಲ, ಯಾವ ಲೆಕ್ಕದಲ್ಲೂ ಇಲ್ಲ. ಆದರೂ ಎರಡು ಬಿಂದಿಗೆ ತೆಗೆದುಕೊಂಡು ಹೊರಟೆ. ಕೊಳಾಯಿಯ ಸಾಲಿನಲ್ಲಿದ್ದವರು ನನ್ನನ್ನು ಕಂಡು ತಮ್ಮ ಕೊಡಗಳನ್ನು ಸರಿಸಿ ಜಾಗ ಬಿಟ್ಟರು. ಸಣ್ಣಗೆ ಬೀಳುವ ಆ ನೀರಿನ ಮುಂದೆ ಕಾಯುತ್ತ ನಿಂತಾಗ ಹಿಂದೆ ಹೆಜ್ಜೆ ಸದ್ದಾಯಿತು. ಅವ್ವ. ಸೊಂಟ ನೆಟ್ಟಗೆ ನಿಲ್ಲದ ವಯಸ್ಸಿನಲ್ಲಿ ಒಂದು ತಾಮ್ರದ ಬಿಂದಿಗೆ ಹಿಡಿದು ಬಂದಿದ್ದಳು. ಅದನ್ನು ನಾನು ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ.

ಅಂಗಳದಲ್ಲಿ, ಬಯಲಿನಲ್ಲೇ, ಮೂರು ಕಲ್ಲಿಟ್ಟು ಹಂಡೆ ಏರಿಸಿದೆವು. ಒಲೆಗೆ ಹಿಪ್ಪುನೇರಳೆ ಕಡ್ಡಿ ಹಾಕಿದೆವು, ಮನೆಯಲ್ಲಿ ಬೇರೆ ಸೌದೆ ಇರಲಿಲ್ಲ. ನೀರು ಕಾದ ಮೇಲೆ ನಾನು ಚೆಂಬು ಅದ್ದಿದೆ. ಅವ್ವ ನನ್ನ ಕೈ ಹಿಡಿದು ತಡೆದಳು. ಹಂಡೆಯ ಹತ್ತಿರ ಬಗ್ಗಿ, ಬೆರಳದ್ದಿ, ಮೂಗಿಗೆ ಹಿಡಿದಳು. ಒಂದು ಸಲಕ್ಕೆ ಸಮಾಧಾನವಾಗದೆ ಇನ್ನೊಂದು ಸಲ ಅದ್ದಿ ನೋಡಿದಳು.

"ವಾಸ್ನೆ ಇಲ್ಲ ಕಣವ್ವ," ಎಂದಳು, ನನಗಲ್ಲ, ಮಣೆಯ ಮೇಲೆ ಕೂರಿಸಿದ್ದ ಅತ್ತಿಗೆಗೆ. "ಇದು ನಿಂದೇ ಸ್ನಾನ. ಹುಳಕ್ಕಲ್ಲ."

ಮೊದಲ ಚೆಂಬು ಅವಳೇ ಹುಯ್ದಳು.